ಇನ್‌ಫ್ಲುಯೆಂಜಾ ಮಹಾಪಿಡುಗಿನಲ್ಲಿ ಒಳರೋಗಿಗಳ ಮರಣ: ಅಪಾಯಾಂಶಗಳ ವಿವೇಚನೆ ಮತ್ತು ಹನಗೋಡು ಸೀಮೆ

ಪೀಠಿಕೆ

ಸಾಂಕ್ರಾಮಿಕ ರೋಗವೊಂದು ನಾಡನ್ನು ವ್ಯಾಪಿಸಿದಾಗ ಯಾರಿಗೆ ಸೋಂಕು ತಗಲುತ್ತದೆ, ತಗಲಿದವರಲ್ಲಿ ಯಾರು ಆಸ್ಪತ್ರೆ ಸೇರುತ್ತಾರೆ, ಸೇರಿದವರಲ್ಲಿ ಯಾರು ಮರಣ ಹೊಂದುತ್ತಾರೆ ಎಂಬ ಮೂರು ಪ್ರಶ್ನೆಗಳು ಏಳುತ್ತವೆ. ಮೇಲುನೋಟಕ್ಕೆ ಇವು ಒಂದೇ ಪ್ರಶ್ನೆಯ ಮೂರು ರೂಪಗಳಂತೆ ತೋರಿದರೂ ಇವುಗಳ ಉತ್ತರಗಳು ಬೇರೆ ಬೇರೆ. ಪ್ರಸ್ತುತ ಪ್ರಬಂಧವು ಮೂರನೆಯ ಪ್ರಶ್ನೆಯನ್ನು ಕುರಿತದ್ದು. 2009ರಲ್ಲಿ ಕಾಣಿಸಿಕೊಂಡ ಎಚ್‌1ಎನ್‌1 ಇನ್‌ಫ್ಲುಯೆಂಜಾ ಮಹಾಪಿಡುಗಿನ ಸಂದರ್ಭದಲ್ಲಿ ಆಸ್ಪತ್ರೆಗೆ ದಾಖಲಾದ ರೋಗಿಗಳ ಸಾವಿಗೆ ಕಾರಣವಾದ ಅಂಶಗಳನ್ನು ಕುರಿತು ಹಲವು ದೇಶಗಳಲ್ಲಿ ನಡೆದ ಅಧ್ಯಯನಗಳ ಸಾರವನ್ನು ಇಲ್ಲಿ ಪರಿಶೀಲಿಸಿ, ಮೈಸೂರು ಜಿಲ್ಲೆಯ ಹನಗೋಡು ಸೀಮೆಯ ಜನಜೀವನದ ಹಿನ್ನೆಲೆಯಲ್ಲಿ ಅದರ ಅರ್ಥವೇನೆಂಬುದನ್ನು ವಿವೇಚಿಸಲಾಗಿದೆ.

ಹನಗೋಡು ಹುಣಸೂರು ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಲಕ್ಷ್ಮಣತೀರ್ಥ ನದಿಗೆ ಇಲ್ಲಿ ಕಟ್ಟಿರುವ ಅಣೆಕಟ್ಟೆಯಿಂದ ಸುತ್ತಲ ಗದ್ದೆಗಳು ನೀರು ಪಡೆಯುತ್ತವೆ. ಪಶ್ಚಿಮಕ್ಕೆ ನಾಗರಹೊಳೆಯ ಕಾಡು; ಸುತ್ತ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆಯ ಗ್ರಾಮಗಳು. ಕೃಷ್ಣರಾಜನಗರದ ನಾಲೆ ಬಯಲನ್ನು ಬಿಟ್ಟರೆ ಈ ಸೀಮೆಯ ಬಹುಭಾಗ ಮಳೆಯಾಶ್ರಿತ ಬೇಸಾಯದ್ದು. ವರ್ಜೀನಿಯಾ ತಂಬಾಕು ಇಲ್ಲಿಯ ಮುಖ್ಯ ವಾಣಿಜ್ಯ ಬೆಳೆ. ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬ, ಬೆಟ್ಟಕುರುಬ, ಯರವ ಮುಂತಾದ ಆದಿವಾಸಿ ಸಮುದಾಯಗಳು ವಾಸಿಸುತ್ತವೆ. ತೀವ್ರ ನಿಗಾ ಘಟಕ, ಕೃತಕ ಉಸಿರಾಟದ ಯಂತ್ರ, ತಜ್ಞ ವೈದ್ಯರ ಸೇವೆ ಬೇಕಾದವರು ಬಹುಮಟ್ಟಿಗೆ ಮೈಸೂರು ನಗರವನ್ನು ಅವಲಂಬಿಸಬೇಕು. ಈ ಭೌಗೋಳಿಕ ಸಂಗತಿಯೇ ಈ ಪ್ರಬಂಧದ ವಾದಕ್ಕೆ ಆಧಾರವಾಗಿದೆ.

ಮಹಾಪಿಡುಗಿನ ಸ್ವರೂಪ

ವಿಶ್ವ ಆರೋಗ್ಯ ಸಂಸ್ಥೆಯು 2009ರ ಜೂನ್ 11ರಂದು ಎಚ್‌1ಎನ್‌1 ಸೋಂಕನ್ನು ಮಹಾಪಿಡುಗೆಂದು ಘೋಷಿಸಿತು; 2010ರ ಆಗಸ್ಟ್ 10ರಂದು ಅದು ಮುಗಿಯಿತೆಂದು ಸಾರಿತು. ಭಾರತದಲ್ಲಿ ಮೊದಲ ರೋಗಿ 2009ರ ಮೇ ತಿಂಗಳಿನಲ್ಲಿ ಹೈದರಾಬಾದಿನಲ್ಲಿ ಪತ್ತೆಯಾದರು. ಮೊದಲ ಸಾವು ಅದೇ ವರ್ಷದ ಆಗಸ್ಟ್ ಆರಂಭದಲ್ಲಿ ಪುಣೆಯಲ್ಲಿ ಸಂಭವಿಸಿತು. ಜನರ ಬಾಯಲ್ಲಿ 'ಹಂದಿಜ್ವರ' ಎಂಬ ಹೆಸರು ನಿಂತಿತಾದರೂ ರೋಗವು ಮನುಷ್ಯರಿಂದ ಮನುಷ್ಯರಿಗೆ ಕೆಮ್ಮು ಸೀನುಗಳ ಮೂಲಕ ಹರಡಿದ್ದೇ ಹೊರತು ಹಂದಿಗಳ ಸಾಮೀಪ್ಯದಿಂದಲ್ಲ. ಪಿಡುಗು ಮುಗಿದ ಮೇಲೂ ಈ ವೈರಾಣು ಅಳಿಯದೆ ಋತುಮಾನದ ಫ್ಲೂ ಆಗಿ ಉಳಿಯಿತು. 2015ರಲ್ಲಿ ದೇಶದಾದ್ಯಂತ ಮತ್ತೆ ಉಲ್ಬಣಿಸಿತು.

ಪ್ರಯೋಗಾಲಯದಲ್ಲಿ ದೃಢಪಟ್ಟು ವಿಶ್ವ ಆರೋಗ್ಯ ಸಂಸ್ಥೆಗೆ ವರದಿಯಾದ ಸಾವುಗಳು ಸುಮಾರು 18,500. ಆದರೆ 2012ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಂದಾಜಿನ ಪ್ರಕಾರ ಮೊದಲ ವರ್ಷದಲ್ಲಿ ಉಸಿರಾಟದ ಮತ್ತು ಹೃದಯದ ತೊಂದರೆಗಳಿಂದ ಸಂಭವಿಸಿದ ಸಾವುಗಳು ಸುಮಾರು 2,84,500. ಇವರಲ್ಲಿ ಶೇಕಡಾ 80ರಷ್ಟು ಮಂದಿ 65 ವರ್ಷಕ್ಕಿಂತ ಕಡಿಮೆ ವಯಸ್ಸಿನವರು. ಅರ್ಧಕ್ಕಿಂತ ಹೆಚ್ಚಿನ ಸಾವುಗಳು ಆಗ್ನೇಯ ಏಷ್ಯಾ ಮತ್ತು ಆಫ್ರಿಕಾಗಳಲ್ಲಿ ಆಗಿರಬೇಕೆಂದು ಅಂದಾಜಿಸಲಾಯಿತು. ದೃಢಪಟ್ಟ ಮತ್ತು ಅಂದಾಜಿಸಿದ ಸಾವುಗಳ ನಡುವಿನ ಈ ಅಗಾಧ ಅಂತರವೇ ಹೇಳುವಂತೆ, ಆಸ್ಪತ್ರೆಯ ದಾಖಲೆಯೊಳಗೆ ಬಂದ ಸಾವುಗಳು ಒಟ್ಟು ಸಾವುಗಳ ಸಣ್ಣ ಭಾಗ ಮಾತ್ರ.

ಆಸ್ಪತ್ರೆಯ ಅಂಕಿಗಳನ್ನು ಓದುವ ಬಗೆ

ಅಪಾಯಾಂಶಗಳನ್ನು ಕುರಿತು ಹೇಳುವ ಮುನ್ನ ಅಂಕಿಗಳ ಸ್ವಭಾವವನ್ನು ಅರಿಯುವುದು ಅವಶ್ಯಕ. ಕೇಂದ್ರ ಸರ್ಕಾರದ ಸಮಗ್ರ ರೋಗ ಕಣ್ಗಾವಲು ಕಾರ್ಯಕ್ರಮದ ದಾಖಲೆಯಂತೆ 2009ರಲ್ಲಿ ದೇಶದಲ್ಲಿ 27,236 ಮಂದಿಗೆ ಸೋಂಕು ದೃಢಪಟ್ಟು 981 ಮಂದಿ ಸತ್ತರು. 2010ರಲ್ಲಿ 20,604 ಮಂದಿಗೆ ಸೋಂಕು ದೃಢಪಟ್ಟು 1,763 ಮಂದಿ ಸತ್ತರು. 2015ರಲ್ಲಿ ಈ ಸಂಖ್ಯೆಗಳು ಕ್ರಮವಾಗಿ 42,592 ಮತ್ತು 2,990. ಇವುಗಳಿಂದ ಲೆಕ್ಕ ಹಾಕಿದರೆ ಸಾವಿನ ಪ್ರಮಾಣ 2009ರಲ್ಲಿ ಶೇಕಡಾ 3.6, 2010ರಲ್ಲಿ 8.6, 2015ರಲ್ಲಿ 7.0 ಆಗುತ್ತದೆ. ಇದರಿಂದ ವೈರಾಣು ಒಂದೇ ವರ್ಷದಲ್ಲಿ ಇಮ್ಮಡಿ ಮಾರಕವಾಯಿತೆಂದು ತೀರ್ಮಾನಿಸಲಾಗದು. ಮೊದಮೊದಲು ವಿಮಾನ ನಿಲ್ದಾಣಗಳಲ್ಲಿಯೂ ಸಣ್ಣ ಜ್ವರದವರಲ್ಲಿಯೂ ನಡೆಯುತ್ತಿದ್ದ ಪರೀಕ್ಷೆಯನ್ನು ಬಳಿಕ ತೀವ್ರ ರೋಗಿಗಳಿಗೆ ಸೀಮಿತಗೊಳಿಸಿದ್ದರಿಂದ ಛೇದದ ಸಂಖ್ಯೆ ಕುಗ್ಗಿತು. ಭಾಗಿಸುವ ಸಂಖ್ಯೆ ಬದಲಾದಾಗ ಭಾಗಲಬ್ಧವೂ ಬದಲಾಗುತ್ತದೆಂಬ ಸರಳ ಗಣಿತವನ್ನು ಮರೆತರೆ ಭೀತಿಯೂ ತಪ್ಪು, ನಿರಾಳವೂ ತಪ್ಪು.

ಇನ್ನೊಂದು ಎಚ್ಚರಿಕೆಯೂ ಬೇಕು. ಬ್ರಿಟನ್ನಿನ ಆಸ್ಪತ್ರೆಗಳ ಅಧ್ಯಯನವೊಂದರಲ್ಲಿ ಒಳರೋಗಿಗಳ ಪೈಕಿ ಸುಮಾರು ಕಾಲು ಭಾಗದವರಿಗೆ ಆಸ್ತಮಾ ಇತ್ತು. ಆಸ್ತಮಾ ರೋಗಿಗಳು ಹೆಚ್ಚಾಗಿ ಆಸ್ಪತ್ರೆ ಸೇರಿದರೂ, ಉಳಿದವರಿಗೆ ಹೋಲಿಸಿದರೆ ಅವರಲ್ಲಿ ತೀವ್ರ ನಿಗಾ ಘಟಕ ಸೇರುವ ಅಥವಾ ಸಾಯುವ ಸಂಭವ ಸುಮಾರು ಅರ್ಧದಷ್ಟೇ ಇತ್ತು. ಆಸ್ತಮಾ ಅವರನ್ನು ಕಾಪಾಡಿತೆಂದು ಇದರ ಅರ್ಥವಲ್ಲ. ಉಬ್ಬಸದ ಕಷ್ಟವನ್ನು ಬಲ್ಲ ಅವರು ಬೇಗನೆ ವೈದ್ಯರ ಬಳಿ ಬಂದಿದ್ದರು. ದಾಖಲಾಗುವ ಮುನ್ನವೇ ಉಸಿರಿನೊಡನೆ ಸೇದುವ ಸ್ಟೀರಾಯ್ಡ್ ಔಷಧವನ್ನು ಬಳಸುತ್ತಿದ್ದರು. ಆಸ್ಪತ್ರೆ ಸೇರಿಸುವ ಅಂಶವೂ ಸಾವಿಗೆ ಒಯ್ಯುವ ಅಂಶವೂ ಬೇರೆ ಬೇರೆಯಾಗಿರಬಹುದು ಎಂಬುದಕ್ಕೆ ಇದೊಂದು ಸ್ಪಷ್ಟ ನಿದರ್ಶನ.

ದೇಹಗತ ಅಂಶಗಳು

ಅಮೆರಿಕದಲ್ಲಿ ಮೊದಲ ಅಲೆಯ 272 ಒಳರೋಗಿಗಳನ್ನು ಕುರಿತು 2009ರಲ್ಲಿಯೇ ಪ್ರಕಟವಾದ ಅಧ್ಯಯನದಲ್ಲಿ ನಾಲ್ಕನೇ ಒಂದು ಭಾಗದವರು ತೀವ್ರ ನಿಗಾ ಘಟಕ ಸೇರಿದರು. ಶೇಕಡಾ 7ರಷ್ಟು ಮಂದಿ ಸತ್ತರು. ಶೇಕಡಾ 73ರಷ್ಟು ರೋಗಿಗಳಿಗೆ ಮೊದಲೇ ಯಾವುದಾದರೊಂದು ದೀರ್ಘಕಾಲಿಕ ಕಾಯಿಲೆ ಅಥವಾ ಅಪಾಯದ ಸ್ಥಿತಿ ಇತ್ತು. ಕ್ಯಾಲಿಫೋರ್ನಿಯಾ ರಾಜ್ಯದ 1,088 ರೋಗಿಗಳ ಸಮೀಕ್ಷೆಯಲ್ಲಿ ರೋಗಿಗಳ ಮಧ್ಯಮ ವಯಸ್ಸು 27 ಆಗಿದ್ದರೂ, ದಾಖಲಾದವರಲ್ಲಿ ಸಾವಿನ ಪ್ರಮಾಣ ಹೆಚ್ಚಾಗಿದ್ದುದು 50 ವರ್ಷ ದಾಟಿದವರಲ್ಲಿ. ಕಿರಿಯರು ಹೆಚ್ಚು ಸಂಖ್ಯೆಯಲ್ಲಿ ರೋಗಕ್ಕೆ ತುತ್ತಾದರು. ಹಿರಿಯರು ಕಡಿಮೆ ಸಂಖ್ಯೆಯಲ್ಲಿ ತುತ್ತಾದರೂ, ಆದವರಿಗೆ ಅಪಾಯ ಹೆಚ್ಚಾಗಿತ್ತು. 1957ಕ್ಕಿಂತ ಮೊದಲು ಹುಟ್ಟಿದವರು ಬಾಲ್ಯದಲ್ಲಿ ಹಳೆಯ ಎಚ್‌1ಎನ್‌1 ವೈರಾಣುಗಳನ್ನು ಎದುರಿಸಿದ್ದರಿಂದ ಅವರಲ್ಲಿ ಅಲ್ಪಸ್ವಲ್ಪ ಪ್ರತಿರೋಧವಿತ್ತೆಂಬುದು ಇದಕ್ಕೆ ಒಪ್ಪಿತವಾದ ವಿವರಣೆ.

ಗರ್ಭಿಣಿಯರ ಅಪಾಯ ಎಲ್ಲ ದೇಶಗಳಲ್ಲಿಯೂ ಎದ್ದು ಕಂಡಿತು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗಳ ತೀವ್ರ ನಿಗಾ ಘಟಕಗಳಿಗೆ ಸೇರಿದ 722 ರೋಗಿಗಳಲ್ಲಿ ಶೇಕಡಾ 9.1ರಷ್ಟು ಗರ್ಭಿಣಿಯರಿದ್ದರು, ಒಟ್ಟು ಜನಸಂಖ್ಯೆಯಲ್ಲಿ ಅವರ ಪಾಲು ಸುಮಾರು ಶೇಕಡಾ 1 ಮಾತ್ರ. ತುಂಬಿದ ಗರ್ಭ ವಪೆಯನ್ನು ಮೇಲಕ್ಕೆ ಒತ್ತುವುದರಿಂದ ಶ್ವಾಸಕೋಶಕ್ಕೆ ಅವಕಾಶ ಕುಗ್ಗುತ್ತದೆ. ಆಮ್ಲಜನಕದ ಬೇಡಿಕೆ ಹೆಚ್ಚುತ್ತದೆ. ದೇಹದ ರೋಗಪ್ರತಿರೋಧದ ರೀತಿಯೂ ಬದಲಾಗಿರುತ್ತದೆ. ಸ್ಥೂಲಕಾಯ, ಮಧುಮೇಹ, ಹೃದಯ, ಮೂತ್ರಪಿಂಡ ಮತ್ತು ಶ್ವಾಸಕೋಶಗಳ ದೀರ್ಘಕಾಲಿಕ ಕಾಯಿಲೆಗಳು, ರೋಗಪ್ರತಿರೋಧ ಕುಗ್ಗಿದ ಸ್ಥಿತಿ ಇವು ಪಟ್ಟಿಯ ಉಳಿದ ಮುಖ್ಯ ಅಂಶಗಳು. ಹಾಗಿದ್ದೂ ಸತ್ತವರಲ್ಲಿ ಗಣನೀಯ ಭಾಗ ಮೊದಲು ಯಾವ ಕಾಯಿಲೆಯೂ ಇರದಿದ್ದವರು ಎಂಬುದನ್ನು ಮರೆಯುವಂತಿಲ್ಲ. ಪಟ್ಟಿಯಲ್ಲಿ ಇಲ್ಲದವನು ಸುರಕ್ಷಿತನೆಂದು ಭಾವಿಸುವುದು ಅಪಾಯಕರ.

ಶ್ವಾಸಕೋಶದಲ್ಲಿ ನಡೆಯುವ ಕ್ರಿಯೆ

ಸಾಮಾನ್ಯ ಫ್ಲೂ ಮೂಗು, ಗಂಟಲು ಮತ್ತು ದೊಡ್ಡ ಶ್ವಾಸನಾಳಗಳಲ್ಲಿ ನಿಲ್ಲುತ್ತದೆ. ಕೆಲವರಲ್ಲಿ ವೈರಾಣು ಕೆಳಗಿಳಿದು ಗಾಳಿಯ ಗೂಡುಗಳ ಒಳಪದರವನ್ನೇ ಹಾಳುಗೆಡವುತ್ತದೆ. ಆಗ ರಕ್ತನಾಳಗಳಿಂದ ದ್ರವ ಒಸರಿ ಗೂಡುಗಳು ತುಂಬುತ್ತವೆ. ಆಮ್ಲಜನಕ ರಕ್ತಕ್ಕೆ ದಾಟಲಾರದು. ಸಾಮಾನ್ಯವಾಗಿ ಜ್ವರ ಬಂದ ನಾಲ್ಕೈದು ದಿನಗಳ ಸುಮಾರಿಗೆ ಈ ಹಂತ ಕಾಣಿಸಿಕೊಂಡು, ಅನಂತರ ಗಂಟೆಗಳ ಲೆಕ್ಕದಲ್ಲಿ ಉಲ್ಬಣಿಸುತ್ತದೆ. ಇದರ ಜೊತೆಗೆ ಬ್ಯಾಕ್ಟೀರಿಯಾಗಳ ಮರುಸೋಂಕು ಸೇರುವುದುಂಟು. 2009ರಲ್ಲಿ ಅಮೆರಿಕದಲ್ಲಿ ಸತ್ತ 77 ಮಂದಿಯ ಶ್ವಾಸಕೋಶದ ಮಾದರಿಗಳನ್ನು ಪರೀಕ್ಷಿಸಿದಾಗ 22ರಲ್ಲಿ ಬ್ಯಾಕ್ಟೀರಿಯಾದ ನ್ಯುಮೋನಿಯಾ ಕಂಡುಬಂದಿತು. ಆದ್ದರಿಂದ ಆಸ್ಪತ್ರೆಗೆ ಬರುವ ಹೊತ್ತಿಗೆ ರಕ್ತದ ಆಮ್ಲಜನಕ ಎಷ್ಟು ಕುಸಿದಿದೆ, ಎರಡೂ ಶ್ವಾಸಕೋಶಗಳಲ್ಲಿ ನ್ಯುಮೋನಿಯಾ ಹಬ್ಬಿದೆಯೇ, ರಕ್ತದೊತ್ತಡ ಇಳಿದಿದೆಯೇ ಎಂಬುವು ಸಾವಿನ ಸಂಭವವನ್ನು ಸೂಚಿಸುವ ಪ್ರಬಲ ಲಕ್ಷಣಗಳು. ಸೂಕ್ಷ್ಮವಾಗಿ ನೋಡಿದರೆ ಇವು ಸ್ವತಂತ್ರ ಅಂಶಗಳಲ್ಲ. ಅನೇಕ ವೇಳೆ ಕಳೆದುಹೋದ ದಿನಗಳ ಗುರುತುಗಳು.

ಕಾಲವೆಂಬ ಅಪಾಯಾಂಶ

ವಯಸ್ಸು, ಗರ್ಭ, ಮಧುಮೇಹ ಇವುಗಳನ್ನು ಪಿಡುಗಿನ ನಡುವೆ ಬದಲಿಸಲಾಗದು. ಬದಲಿಸಬಹುದಾದ ಅಂಶ ಒಂದುಂಟು. ಅದು ಜ್ವರದ ಮೊದಲ ದಿನಕ್ಕೂ ತಕ್ಕ ಚಿಕಿತ್ಸೆಯ ಮೊದಲ ದಿನಕ್ಕೂ ನಡುವಿನ ಅಂತರ. 78 ಅಧ್ಯಯನ ಕೇಂದ್ರಗಳ 29,234 ಒಳರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ರೋಗಲಕ್ಷಣ ಕಂಡ ಎರಡು ದಿನಗಳೊಳಗೆ ಒಸೆಲ್ಟಮಿವಿರ್‌ನಂತಹ ವೈರಾಣು ನಿರೋಧಕ ಔಷಧ ಪಡೆದವರಲ್ಲಿ, ತಡವಾಗಿ ಪಡೆದವರಿಗೆ ಹೋಲಿಸಿದರೆ, ಸಾವಿನ ಸಂಭವ ಸುಮಾರು ಅರ್ಧಕ್ಕೆ ಇಳಿದಿತ್ತು. ಆ ಬಳಿಕ ಐದನೆಯ ದಿನದವರೆಗೆ ಪ್ರತಿ ದಿನದ ವಿಳಂಬಕ್ಕೂ ಸಾವಿನ ಅಪಾಯ ಏರುತ್ತಲೇ ಹೋಯಿತು. ಅಮೆರಿಕದ 788 ಗರ್ಭಿಣಿಯರ ಅಧ್ಯಯನದಲ್ಲಿ, ನಾಲ್ಕು ದಿನಗಳು ಕಳೆದ ಮೇಲೆ ಔಷಧ ಆರಂಭಿಸಿದವರ ಪೈಕಿ ಶೇಕಡಾ 56.9 ಮಂದಿ ತೀವ್ರ ನಿಗಾ ಘಟಕ ಸೇರಿದರು. ಎರಡು ದಿನಗಳೊಳಗೆ ಆರಂಭಿಸಿದವರ ಪೈಕಿ ಶೇಕಡಾ 9.4 ಮಾತ್ರ.

ಇವು ರೋಗಿಗಳನ್ನು ಚೀಟಿ ಎತ್ತಿದಂತೆ ಗುಂಪುಗಳಿಗೆ ಹಂಚಿ ನಡೆಸಿದ ಪ್ರಯೋಗಗಳಲ್ಲ, ಅವಲೋಕನಗಳು ಎಂಬ ಮಿತಿಯನ್ನು ಗಮನಿಸಬೇಕು. ಬೇಗ ಬರಬಲ್ಲವರು ಇತರ ಅನುಕೂಲಗಳನ್ನೂ ಪಡೆದವರಾಗಿರಬಹುದು. ಆದರೆ ಬೇಗ ಬಂದವನಿಗೆ ಔಷಧವಷ್ಟೇ ಅಲ್ಲ, ಆಮ್ಲಜನಕ, ಮರುಸೋಂಕಿಗೆ ಪ್ರತಿಜೈವಿಕ, ವೈದ್ಯರ ಕಣ್ಗಾವಲು ಇವೆಲ್ಲವೂ ಬೇಗ ದೊರೆಯುತ್ತವೆ. ಹೀಗಾಗಿ ಔಷಧದ ಪಾಲು ಎಷ್ಟೆಂಬ ಚರ್ಚೆ ಉಳಿದರೂ ಕಾಲದ ಮಹತ್ವ ಕುಗ್ಗುವುದಿಲ್ಲ.

ಹನಗೋಡು ಸೀಮೆಯಲ್ಲಿ ವಿಳಂಬದ ಮೂಲಗಳು

ತಾಯಂದಿರ ಮರಣವನ್ನು ಕುರಿತು ಥ್ಯಾಡಿಯಸ್ ಮತ್ತು ಮೇನ್ ಎಂಬ ವಿದ್ವಾಂಸರು 1994ರಲ್ಲಿ ಮೂರು ವಿಳಂಬಗಳ ಚೌಕಟ್ಟನ್ನು ಮಂಡಿಸಿದರು: ಆಸ್ಪತ್ರೆಗೆ ಹೋಗಬೇಕೆಂದು ನಿರ್ಧರಿಸುವಲ್ಲಿ, ತಲುಪುವಲ್ಲಿ, ತಲುಪಿದ ಮೇಲೆ ತಕ್ಕ ಚಿಕಿತ್ಸೆ ಪಡೆಯುವಲ್ಲಿ ಆಗುವ ವಿಳಂಬಗಳು. ಫ್ಲೂ ಮರಣಗಳ ವಿವೇಚನೆಗೂ ಈ ಚೌಕಟ್ಟು ಒಪ್ಪುತ್ತದೆ.

ಮೊದಲನೆಯದು ನಿರ್ಧಾರದ ವಿಳಂಬ. ಕರ್ನಾಟಕದಲ್ಲಿ ಫ್ಲೂ ಮುಖ್ಯವಾಗಿ ಮಳೆಗಾಲದಲ್ಲಿ ಏರುತ್ತದೆ. ಕೆಲವು ವರ್ಷ ಜನವರಿಯಿಂದ ಮಾರ್ಚಿಯವರೆಗೆ ಇನ್ನೊಮ್ಮೆ ಏರುತ್ತದೆ. ಮಳೆಗಾಲದ ಏರಿಕೆಯ ತಿಂಗಳುಗಳಲ್ಲಿಯೇ ಈ ಸೀಮೆಯಲ್ಲಿ ತಂಬಾಕಿನ ಎಲೆ ಮುರಿದು ಬ್ಯಾರನ್‌ಗಳಲ್ಲಿ ಹದಗೊಳಿಸುವ ಕೆಲಸ ನಡೆಯುತ್ತದೆ. ಒಂದು ಬ್ಯಾರನ್ ತುಂಬಿದ ಮೇಲೆ ಹಲವು ದಿನ ಹಗಲೂ ರಾತ್ರಿ ಸೌದೆಯ ಉರಿಯನ್ನು ಕಾಯಬೇಕು; ಉರಿ ತಪ್ಪಿದರೆ ವರ್ಷದ ದುಡಿಮೆ ಹಾಳು. ಅಂತಹ ವಾರದಲ್ಲಿ ಜ್ವರವೆಂದು ಮಲಗುವುದು ಕುಟುಂಬಕ್ಕೆ ನಷ್ಟ; ಕೂಲಿಗೆ ಬಂದವರಿಗೆ ಅಂದಿನ ಅನ್ನದ ಪ್ರಶ್ನೆ. ಒದ್ದೆ ಎಲೆಯನ್ನು ಬರಿಗೈಯಲ್ಲಿ ಮುಟ್ಟುವವರ ಚರ್ಮದ ಮೂಲಕ ನಿಕೋಟಿನ್ ಒಳಸೇರಿ ವಾಕರಿಕೆ, ತಲೆನೋವು, ತಲೆಸುತ್ತು, ಸುಸ್ತು ಉಂಟಾಗುವುದು ವೈದ್ಯಶಾಸ್ತ್ರದಲ್ಲಿ ದಾಖಲಾದ ಸಂಗತಿ. ಎಲೆ ಮುರಿಯುವವರು ಫ್ಲೂ ರೋಗದ ಮೊದಲ ದಿನದ ಸುಸ್ತನ್ನು ಎಲೆಯ ಕೆಲಸದ ಸುಸ್ತೆಂದೇ ತಿಳಿಯಲು ಇದು ಎಡೆಮಾಡಿಕೊಡುತ್ತದೆ. ಎರಡಕ್ಕೂ ಇರುವ ಭೇದವೆಂದರೆ ಜ್ವರ ಮತ್ತು ಕೆಮ್ಮು.

ಇದಕ್ಕೆ ಹೊಗೆಯ ಅಂಶವೂ ಸೇರುತ್ತದೆ. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಮೈಸೂರು ಜಿಲ್ಲೆಯ ಗ್ರಾಮೀಣ ಮಹಿಳೆಯರಲ್ಲಿ, ಸೌದೆ ಒಲೆಯ ಮುಂದೆ ದಿನಕ್ಕೆ ಕಳೆವ ಗಂಟೆಗಳನ್ನು ವರ್ಷಗಳಿಂದ ಗುಣಿಸಿ ಬಂದ ಸೂಚ್ಯಂಕ 60 ಮತ್ತು ಅದಕ್ಕಿಂತ ಮೇಲಿದ್ದಾಗ ದೀರ್ಘಕಾಲಿಕ ಶ್ವಾಸನಾಳ ಉರಿಯೂತದೊಡನೆ ಗಣನೀಯ ಸಂಬಂಧವಿರುವುದನ್ನು ತೋರಿಸಿದ್ದಾರೆ. ದಿನಕ್ಕೆ ನಾಲ್ಕು ಗಂಟೆಯಂತೆ ಹದಿನೈದು ವರ್ಷ ಅಡುಗೆ ಮಾಡಿದವಳು ಈ ಮಿತಿಯನ್ನು ಮುಟ್ಟುತ್ತಾಳೆ. ಅವಳು ಎಂದೂ ಬೀಡಿ ಸೇದಿದವಳಲ್ಲ. ಆಸ್ಪತ್ರೆಯ ಚೀಟಿಯಲ್ಲಿ ಅವಳಿಗೆ 'ಹಿಂದಿನ ಕಾಯಿಲೆ ಇಲ್ಲ' ಎಂದೇ ಬರೆದಿರಬಹುದು. ನಿತ್ಯ ಕೆಮ್ಮುವವಳಿಗೆ ಹೊಸ ಕೆಮ್ಮು ಅಪಾಯದ ಸೂಚನೆಯಾಗಿ ತೋರುವುದೂ ಕಷ್ಟ.

ಹಾಡಿಗಳ ಸ್ಥಿತಿ ಇನ್ನೂ ಸೂಕ್ಷ್ಮವಾದುದು. 2009ರಲ್ಲಿ ಅಮೆರಿಕದ 12 ರಾಜ್ಯಗಳಲ್ಲಿ ಮೂಲನಿವಾಸಿಗಳ ಎಚ್‌1ಎನ್‌1 ಮರಣ ಪ್ರಮಾಣ ಇತರರಿಗಿಂತ ನಾಲ್ಕು ಪಟ್ಟು ಹೆಚ್ಚಾಗಿತ್ತು. ಕೆನಡಾದಲ್ಲಿ ತೀವ್ರ ಅಸ್ವಸ್ಥರಾದ 168 ರೋಗಿಗಳಲ್ಲಿ ನಾಲ್ಕನೇ ಒಂದು ಭಾಗದವರು ಮೂಲನಿವಾಸಿಗಳು. ಇದನ್ನು ರಕ್ತಗುಣವೆಂದು ವಿವರಿಸುವ ಮೊದಲು ಇಕ್ಕಟ್ಟಾದ ಮನೆ, ಬಡತನ, ಗುರುತಿಸದ ಕಾಯಿಲೆ, ಆಸ್ಪತ್ರೆಯ ದೂರ ಇವುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಜೇನುಕುರುಬರು ರಾಜ್ಯದ ಅತಿ ದುರ್ಬಲ ಬುಡಕಟ್ಟುಗಳ ಪಟ್ಟಿಯಲ್ಲಿರುವವರು. ಮೈಸೂರು, ಚಾಮರಾಜನಗರ, ಕೊಡಗು ಜಿಲ್ಲೆಗಳ ಆದಿವಾಸಿಗಳಲ್ಲಿ ಕುಡಗೋಲು ಕಣ ರಕ್ತಹೀನತೆ ಕಂಡುಬರುತ್ತದೆ. ಈ ಕಾಯಿಲೆಯುಳ್ಳವರಿಗೆ ಫ್ಲೂ ಬಂದರೆ ಎದೆಯ ತೊಂದರೆ ಬೇಗ ಉಲ್ಬಣಿಸುತ್ತದೆ. ಕಾಫಿ ಕೊಯ್ಲಿನ ಕಾಲದಲ್ಲಿ ಅನೇಕರು ಕೊಡಗಿನ ತೋಟಗಳಿಗೆ ಕೂಲಿಗೆ ಹೋಗಿ ಲೈನ್‌ಮನೆಗಳಲ್ಲಿ ಒತ್ತಾಗಿ ವಾಸಿಸುತ್ತಾರೆ; ಅದು ಚಳಿಗಾಲದ ಏರಿಕೆಯ ಕಾಲ. ಹಾಡಿಯ ಪರಿಚಿತ ಆಶಾ ಕಾರ್ಯಕರ್ತೆಯೂ ದಾದಿಯೂ ಆಗ ಅವರ ಬಳಿಯಿರುವುದಿಲ್ಲ.

ಎರಡನೆಯದು ತಲುಪುವ ವಿಳಂಬ. ಹಾಡಿಯಿಂದ ಹೋಬಳಿಗೆ, ಹೋಬಳಿಯಿಂದ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಮೈಸೂರಿಗೆ ಎಂಬ ಮೆಟ್ಟಿಲುಗಳಲ್ಲಿ ಪ್ರತಿಯೊಂದೂ ಅರ್ಧ ದಿನವನ್ನೋ ಒಂದು ದಿನವನ್ನೋ ನುಂಗಬಲ್ಲದು. 2008ರ ನವೆಂಬರ್ 1ರಂದು ರಾಜ್ಯದಲ್ಲಿ ಆರಂಭವಾದ 108 ಆರೋಗ್ಯ ಕವಚ ಆಂಬುಲೆನ್ಸ್ ಸೇವೆ ಈ ಅಂತರವನ್ನು ತಗ್ಗಿಸಿತು. ಆದರೆ ಕರೆ ಮಾಡಬೇಕೆಂಬ ನಿರ್ಧಾರವನ್ನು ಆಂಬುಲೆನ್ಸ್ ಮಾಡಲಾರದು. ಹೆಗ್ಗಡದೇವನಕೋಟೆ ಭಾಗದಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆಯು ಕೆಂಚನಹಳ್ಳಿ ಮತ್ತು ಸರಗೂರಿನಲ್ಲಿ ಆಸ್ಪತ್ರೆಗಳನ್ನು ನಡೆಸುತ್ತ ಬಂದಿರುವುದು, ಕಾಡಂಚಿಗೆ ಸಮೀಪದಲ್ಲಿಯೇ ಆರೈಕೆ ಒದಗಿಸಬಹುದೆಂಬುದಕ್ಕೆ ನಿದರ್ಶನ.

ಮೂರನೆಯದು ಚಿಕಿತ್ಸೆಯ ವಿಳಂಬ. ಕೇಂದ್ರ ಆರೋಗ್ಯ ಸಚಿವಾಲಯವು ಪಿಡುಗಿನ ಕಾಲದಲ್ಲಿ ರೋಗಿಗಳನ್ನು ಎ, ಬಿ, ಸಿ ಎಂದು ವರ್ಗೀಕರಿಸಿತು. ಸೌಮ್ಯ ಲಕ್ಷಣದ 'ಎ' ವರ್ಗದವರಿಗೆ ಪರೀಕ್ಷೆಯಾಗಲಿ ಒಸೆಲ್ಟಮಿವಿರ್ ಆಗಲಿ ಬೇಡ. ಆದರೆ 24ರಿಂದ 48 ಗಂಟೆಗಳಲ್ಲಿ ವೈದ್ಯರು ಮತ್ತೆ ನೋಡಬೇಕು. ಜ್ವರ ಗಂಟಲುನೋವು ತೀವ್ರವಾಗಿರುವ ಅಥವಾ ಅಪಾಯದ ಪಟ್ಟಿಗೆ ಸೇರಿದ 'ಬಿ' ವರ್ಗದವರಿಗೆ ಪರೀಕ್ಷೆಗೆ ಕಾಯದೆ ಔಷಧ ನೀಡಬಹುದು. ಏದುಸಿರು, ಎದೆನೋವು, ಮಂಪರು, ರಕ್ತದೊತ್ತಡದ ಇಳಿಕೆ, ಕಫದಲ್ಲಿ ರಕ್ತ, ಉಗುರು ನೀಲಿಗಟ್ಟುವುದು ಕಂಡ 'ಸಿ' ವರ್ಗದವರನ್ನು ಕೂಡಲೇ ದಾಖಲಿಸಿಕೊಂಡು ಪರೀಕ್ಷಿಸಬೇಕು. ಈ ಕ್ರಮ ವಿವೇಕಯುತವಾದುದೇ. ಆದರೆ ಇದರ ಇಡೀ ಭಾರ ನಿಂತಿರುವುದು 'ಮತ್ತೆ ನೋಡಬೇಕು' ಎಂಬ ಮಾತಿನ ಮೇಲೆ. ನಗರದಲ್ಲಿ ರೋಗಿ ಮರುದಿನ ಬರಬಲ್ಲ. ಹಾಡಿಯವನು ಅಥವಾ ಬ್ಯಾರನ್ ಕಾಯುವವನು ಒಮ್ಮೆ ಮಾತ್ರೆ ಪಡೆದು ಹೋದರೆ ಬಹುಮಟ್ಟಿಗೆ ಮರಳಿ ಬರುವುದು ಉಸಿರು ಕಟ್ಟಿದಾಗಲೇ. ಎ ವರ್ಗದಿಂದ ಸಿ ವರ್ಗಕ್ಕೆ ಅವನು ಯಾರ ಕಣ್ಣಿಗೂ ಬೀಳದೆ ದಾಟಿರುತ್ತಾನೆ.

ಹಿಂದಿನ ಪಿಡುಗಿನ ಸಾಕ್ಷ್ಯ

ಬಡತನ ಮತ್ತು ದೂರಗಳು ಮರಣದ ಅಂಶಗಳಾಗುವುದು ಹೊಸತಲ್ಲ. 1918ರ ಇನ್‌ಫ್ಲುಯೆಂಜಾದಲ್ಲಿ ಭಾರತದಲ್ಲಿ ಒಂದು ಕೋಟಿಗೂ ಮೀರಿ ಜನ ಸತ್ತರೆಂಬುದು ಇತಿಹಾಸಕಾರರ ಅಂದಾಜು. ಆ ವರ್ಷ ಮಳೆ ಕೈಕೊಟ್ಟಿತ್ತು; ಧಾನ್ಯದ ಬೆಲೆ ಏರಿತ್ತು. ಮೈಸೂರು ಸಂಸ್ಥಾನದ ಜನಸಂಖ್ಯೆ 1911ರಲ್ಲಿ ಸುಮಾರು 58.06 ಲಕ್ಷವಿದ್ದುದು 1921ರಲ್ಲಿ 59.79 ಲಕ್ಷಕ್ಕೆ ಮಾತ್ರ ಏರಿತು. ಹತ್ತು ವರ್ಷಗಳ ಬೆಳವಣಿಗೆ ಶೇಕಡಾ 3ರಷ್ಟೇ. ಮುಂಬಯಿ ನಗರದಲ್ಲಿ 'ಕೆಳಜಾತಿಯ ಹಿಂದೂಗಳು' ಎಂದು ಅಂದಿನ ಆಡಳಿತ ದಾಖಲಿಸಿದ ಸಮುದಾಯಗಳಲ್ಲಿ ಸಾವಿರಕ್ಕೆ 61ಕ್ಕೂ ಹೆಚ್ಚು ಮಂದಿ ಸತ್ತರೆ, ಅದೇ ನಗರದ ಐರೋಪ್ಯರಲ್ಲಿ ಸತ್ತವರು ಸಾವಿರಕ್ಕೆ 8ರಷ್ಟು. ಅಂದು ವೈರಾಣು ನಿರೋಧಕ ಔಷಧವೂ ಇರಲಿಲ್ಲ, ಪ್ರತಿಜೈವಿಕವೂ ಇರಲಿಲ್ಲ. ಆದರೂ ಗಾಳಿಯಾಡುವ ಮನೆ, ಹೊಟ್ಟೆಗೆ ಅನ್ನ, ಮಲಗಲು ಬಿಡುವು, ಆರೈಕೆಗೆ ಒಬ್ಬರು ಇದ್ದವರು ಹೆಚ್ಚಾಗಿ ಬದುಕಿದರು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಹೊರಡುವ ತೀರ್ಮಾನ ಇಷ್ಟು. ಮಹಾಪಿಡುಗಿನ ಫ್ಲೂನಲ್ಲಿ ಒಳರೋಗಿಯ ಸಾವಿಗೆ ದೇಹದ ದೌರ್ಬಲ್ಯ ಒಂದು ಕಾರಣ. ಕಳೆದುಹೋದ ಕಾಲ ಇನ್ನೊಂದು. ಮೊದಲನೆಯದನ್ನು ವೈದ್ಯರು ಚೀಟಿಯಲ್ಲಿ ಬರೆಯುತ್ತಾರೆ; ಎರಡನೆಯದು ಎಷ್ಟೋ ವೇಳೆ ಬರಹಕ್ಕೆ ಬಾರದೆ ಉಳಿಯುತ್ತದೆ. ಹನಗೋಡಿನಂತಹ ಸೀಮೆಯಲ್ಲಿ ಮರಣದ ಪರಿಶೀಲನೆ ಅರ್ಥಪೂರ್ಣವಾಗಬೇಕಾದರೆ ಪ್ರತಿ ರೋಗಿಯ ದಾಖಲೆಯಲ್ಲಿ ನಾಲ್ಕು ಸಂಗತಿಗಳು ಇರಬೇಕು: ಜ್ವರ ಬಂದ ಮೊದಲ ದಿನ, ಮೊದಲು ತೋರಿಸಿದ ಸ್ಥಳ, ಔಷಧದ ಮೊದಲ ಗುಳಿಗೆ ನುಂಗಿದ ದಿನ, ಮೊದಲ ಬಾರಿ ಅಳೆದ ಆಮ್ಲಜನಕದ ಪ್ರಮಾಣ. ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಆಶಾ ಕಾರ್ಯಕರ್ತೆಯರ ಕೈಗೂ ಬಂದದ್ದರಿಂದ ಕೊನೆಯದು ಈಗ ಕಷ್ಟವಲ್ಲ.

ಇದರೊಡನೆ ಮಳೆಗಾಲಕ್ಕೆ ಮುನ್ನ ಗರ್ಭಿಣಿಯರಿಗೆ ಮತ್ತು ದೀರ್ಘಕಾಲಿಕ ರೋಗಿಗಳಿಗೆ ಲಸಿಕೆ, ಎಲೆ ಮುರಿಯುವ ತಿಂಗಳುಗಳಲ್ಲಿ ಹೋಬಳಿ ಮಟ್ಟದಲ್ಲಿಯೇ ಒಸೆಲ್ಟಮಿವಿರ್ ದಾಸ್ತಾನು, ಮಾತ್ರೆ ಪಡೆದು ಹೋದವನನ್ನು ಎರಡು ದಿನಗಳೊಳಗೆ ಮನೆಗೇ ಹೋಗಿ ನೋಡುವ ವ್ಯವಸ್ಥೆ ಇವು ಸೇರಬೇಕು. ಇವುಗಳಲ್ಲಿ ಯಾವುದಕ್ಕೂ ಹೊಸ ಆಸ್ಪತ್ರೆ ಬೇಕಿಲ್ಲ. ಮೈಸೂರಿನ ತೀವ್ರ ನಿಗಾ ಘಟಕದಲ್ಲಿ ಐದನೆಯ ದಿನ ನಡೆಸುವ ಹೋರಾಟದ ಫಲಿತಾಂಶ ಬಹುಪಾಲು ಹಾಡಿಯಲ್ಲಿ, ಬ್ಯಾರನ್ನಿನ ಬಳಿ, ಎರಡನೆಯ ದಿನವೇ ನಿರ್ಧಾರವಾಗಿರುತ್ತದೆ. ಮುಂದಿನ ಪಿಡುಗಿನ ಸಿದ್ಧತೆಯೂ ಆ ಎರಡನೆಯ ದಿನದಿಂದಲೇ ಆರಂಭವಾಗತಕ್ಕದ್ದು.